ಕೆಂಡದ ಮೇಲೆ ಎದ್ದು ನಿಂತ ಶಿಲಾಜಿತ್

ಅಂಬೇವಾಡಿ, ದಾಂಡೇಲಿ
೧೭ ನವೆಂಬರ್ ೨೦೨೪, ಭಾನುವಾರ

ನನ್ನ ಮಗಳು ನಿರ್ಮಲಾಳಿಗೆ ಅಪ್ಪನ ಆಶೀರ್ವಾದಗಳು.

ಹೇಗಿದ್ದೀ ತಾಯಿ? ಮಡಗಾಂವದ ಸೆಕೆಗೆ ತಲೆನೋವು ಹೆಚ್ಚಾಗಿಲ್ಲ ತಾನೆ? ಅಳಿಯ ರುದ್ರೇಶನ ಕೆಮ್ಮು ಇಳಿದಿರಬೇಕು. ನನಗೇನೂ ಆಗಿಲ್ಲ, ಒಂದು ಹೊತ್ತಿನ ಊಟ ಸಾಕೆನಿಸುತ್ತದೆ, ಅಷ್ಟೇ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ನನ್ನ ಬಾಯಿ ಕಟ್ಟುತ್ತದೆ, ಹಾಗಾಗಿ ಕಾಗದ. ನಿಮ್ಮವ್ವ ತಿನ್ನುತ್ತಿದ್ದ ಶಿಲಾಜಿತ್ ಉಳಿದಿತ್ತಲ್ಲ, ಅದನ್ನು ನೀನು ಹಟ ಹಿಡಿದದ್ದಕ್ಕೆ ನಾನು ಹುಬ್ಬಳ್ಳಿಯ ಲ್ಯಾಬಿಗೆ ಕಳಿಸಿದ್ದೆ. ರಿಪೋರ್ಟು ಮೊನ್ನೆ ಬಂತು. ಅವಳನ್ನು ತಿಂದದ್ದು ಅದೇನಾ ಎಂಬುದು ನಿನ್ನ ಪ್ರಶ್ನೆ. ನನ್ನದೂ ಅದೇ.

ರಿಪೋರ್ಟು ಪೂರಾ ಇಂಗ್ಲಿಷು. ಧಾರವಾಡದಲ್ಲಿ ಬಿ.ಎಸ್ಸಿ. ಎರಡನೇ ವರ್ಷದ ತನಕ ಓದಿದವನು ನಾನು, ಆದರೂ ಅರ್ಧಕ್ಕರ್ಧ ಪದ ಬರೀ ಗೆರೆಗಳಂತೆ ಕಂಡವು. ‘ಪಿಬಿ’ ಎಂದರೆ ಪ್ಲಂಬಮ್, ಸೀಸ, ಅದೊಂದು ಮರೆತಿಲ್ಲ. ಅದರ ಮುಂದೆ ‘ಎಕ್ಸೀಡ್ಸ್ ಪರ್ಮಿಸಿಬಲ್ ಲಿಮಿಟ್’ ಎಂದಿದೆ. ಮಿತಿಗಿಂತ ಆರು ಪಟ್ಟು. ಎಕ್ಸೀಡ್ಸ್‌ಗೆ ಬೇರೆ ಅರ್ಥವೇನಾದರೂ ಉಂಟೇನೋ ಎಂದು ಕಾಲೇಜಿನ ಡಿಕ್ಷನರಿ ಹುಡುಕಿ ತೆಗೆದು ನೋಡಿದೆ. ಇಲ್ಲ.

ಪರೀಕ್ಷೆ ಮಾಡದೆ ಕೊಟ್ಟೆನೆಂದು ಮಾತ್ರ ತಿಳಿಯಬೇಡ. ರಕ್ತ ಕಡಿಮೆ ಎಂದು ಡಾಕ್ಟರು ಕೊಟ್ಟ ಗುಳಿಗೆ ನಿಮ್ಮವ್ವನ ಹೊಟ್ಟೆಗೆ ಒಗ್ಗಲಿಲ್ಲ. ಹಿಮಾಲಯದ ಬಂಡೆಯಿಂದ ಒಸರಿದ್ದು ಎಂದು ಹಳಿಯಾಳದ ಸಂತೆಯಲ್ಲಿ ಮಾರುತ್ತಿದ್ದವನಿಂದ ಡಬ್ಬಿ ತಂದೆ. ಮೇಲೊಂದು ಚೀಟಿಯೂ ಇರಲಿಲ್ಲ. ಮೊದಲು ತೋರಿಸಿದ್ದು ಕುಂಬಾರವಾಡದ ಕಾಯತಾನನಿಗೆ, ವರ್ಷವರ್ಷ ನಮಗೆ ಜೇನು ತಂದುಕೊಡುವ ಸಿದ್ದಿ ಕಾಯತಾನನಿಗೆ. ಅವನು ಮೂಸಿ, “ಜೇನ ಆದ್ರ ನಾಲಿಗಿ ಮ್ಯಾಲ ಇಟ್ಟ ಹೇಳ್ತೇನ್ರಿ ಅಯ್ಯನೋರ. ಇದು ನಮ್ಮ ಕಾಡಿಂದಲ್ಲ. ರಸ್ತೇಕ ಹಾಕೂ ಡಾಂಬರ ಇದ್ದಂಗ ಐತಿ. ಗೊತ್ತಿಲ್ಲದ್ದು ಬಾಯಾಗ ಯಾಕ ಹಾಕ್ತೀರಿ” ಎಂದ. “ನೀ ಯಾವ ಕಾಲೇಜಿನ್ಯಾಗ ಕೆಮಿಸ್ಟ್ರಿ ಓದೀಯೋ” ಎಂದು ನಾನು ನಕ್ಕೆ. ಪಾಪ, ಅವನೂ ನಕ್ಕ.

ಮನೆಗೆ ಬಂದು, ಹಳಬರು ಹೇಳುವ ಎರಡೂ ಪರೀಕ್ಷೆ ಮಾಡಿದೆ. ಗಾಜಿನ ಲೋಟದ ನೀರಿಗೆ ಕಾಳಿನಷ್ಟು ಬಿಟ್ಟರೆ ಎಳೆಎಳೆಯಾಗಿ ಇಳಿದು ಕರಗಿತು. ತಳದಲ್ಲಿ ಏನೂ ಉಳಿಯಲಿಲ್ಲ. ಆಮೇಲೆ ಕೆಂಡ. ಅಸಲಿ ಶಿಲಾಜಿತ್ ಕೆಂಡದ ಮೇಲೆ ಹೊಗೆಯಾಡದೆ ಲಿಂಗದಂತೆ ಎದ್ದು ನಿಲ್ಲಬೇಕು ಎನ್ನುತ್ತಾರಲ್ಲ. ನಿಂತಿತು ನಿರ್ಮಲಾ. ಉಬ್ಬಿ, ಕಪ್ಪಗೆ, ಕಣ್ಣೆದುರೇ ಎದ್ದು ನಿಂತಿತು. ನಿಮ್ಮವ್ವ ತಲೆ ತುಂಬ ಸೆರಗು ಹೊದ್ದು ಕೈಮುಗಿದು, “ಸಾಕ್ಷಾತ್ ಅವನ ಬಂದಾನ್ರಿ” ಎಂದಳು. ನಾನು ಪ್ರಾಕ್ಟಿಕಲ್ ಮುಗಿಸಿದ ಹುಡುಗನಂತೆ “ಟೆಸ್ಟ್ ಪಾಸಿಟಿವ್” ಎಂದೆ. ಕೊರಳಲ್ಲಿ ಕಟ್ಟಿಕೊಂಡದ್ದನ್ನೇ ಕೆಂಡದ ಮೇಲೆ ಕಂಡವನು ಅನುಮಾನ ಪಡುವುದು ಹೇಗೆ? ಅದರ ಹೊಟ್ಟೆಯೊಳಗೆ ಸೀಸವಿದೆ ಎಂದು ಕೆಂಡ ಹೇಳಲಿಲ್ಲ, ನೀರೂ ಹೇಳಲಿಲ್ಲ.

ಅವಳ ಕಿಡ್ನಿ ಕೆಟ್ಟು ಜೀವ ಹೋದದ್ದು ಇದರಿಂದಲೇ ಎಂದು ರಿಪೋರ್ಟು ಹೇಳುವುದಿಲ್ಲ. ನಿನ್ನೆ ಒಯ್ದು ತೋರಿಸಿದರೆ ಡಾಕ್ಟರೂ, “ಇರಬಹುದ್ರಿ, ಇರಲಿಕ್ಕೂ ಇಲ್ಲ. ಆಗ ಗೊತ್ತಾಗಿದ್ರ ಬಂದ್ ಮಾಡಿಸಿ ನೋಡ್ತಿದ್ವಿ” ಎಂದರು. ಆ ಮಾತು ಹೊತ್ತುಕೊಂಡು ಬಂದಿದ್ದೇನೆ. ಈಗ ಪೂಜೆಗೆ ಕೂತರೆ ಅಂಗೈಯ ಲಿಂಗವನ್ನು ನೋಡಲಾಗುವುದಿಲ್ಲ. ಕಣ್ಣು ಮುಚ್ಚಿ ವಿಭೂತಿ ಹಚ್ಚಿ ಎದ್ದುಬಿಡುತ್ತೇನೆ. ನೀನು ಬರುತ್ತೇನೆ ಎಂದಿದ್ದೆ, ಈಗ ಬೇಡ. ಬಂದು ಯಾರನ್ನು ನೋಡುತ್ತೀ?

ರುದ್ರೇಶನಿಗೆ ನನ್ನ ಶರಣು ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಮನೆ ತಣ್ಣಗಿರಲಿ.

ನಿನ್ನ ಅಪ್ಪ,
ಅಡಿವೆಯ್ಯ

ತಾ.ಕ.: ಅಂಟಿಸಿದ ಲಕೋಟೆ ಮತ್ತೆ ಬಿಚ್ಚಿದೆ. ನಿಮ್ಮವ್ವ ತಿನ್ನುತ್ತಿದ್ದಳು ಎಂದು ಬರೆದದ್ದು ಪೂರ್ತಿ ನಿಜವಲ್ಲ. ಒಂದೇ ತಿಂಗಳಿಗೆ ಅವಳು, “ಬ್ಯಾಡ್ರಿ, ಹಳೇ ತಗಡ ನೆಕ್ಕಿದಂಗ ಆಗತೈತಿ” ಎಂದು ಬಿಟ್ಟಿದ್ದಳು. ಮುಂದಿನ ನಾಲ್ಕು ತಿಂಗಳು ನಾನೇ ಬೆಲ್ಲದ ಹಾಲಿನಲ್ಲಿ ಕದಡಿ, ಅವಳಿಗೆ ಹೇಳದೆ ಕುಡಿಸಿದೆ. ಆಸ್ಪತ್ರೆಯಲ್ಲಿ ಡಾಕ್ಟರು, ಬೇರೆ ಔಷಧ ಏನಾದರೂ ತಗೋತೀರೇನು ಎಂದು ಅವಳನ್ನೇ ಕೇಳಿದರು. “ಏನೂ ಇಲ್ರಿ” ಎಂದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಅವಳೆದುರು ನನ್ನ ಕಳ್ಳತನ ಬಯಲಾಗುತ್ತದೆಂದು ಸುಮ್ಮನಿದ್ದೆ.