ಆಯುಧಪೂಜೆಯ ತ್ರೀ ನಾಟ್ ತ್ರೀ

1-10-2025, ಬುಧವಾರ, ಸಂಜೆ

ಕೌಲ್ ಬಜಾರಿನ ನನ್ನ ಜೀನ್ಸ್ ಯೂನಿಟ್ಟಿನಲ್ಲಿ ಪೂಜೆ ಮುಗಿಯಿತು. ಹೊಲಿಗೆ ಮಷಿನ್ ಇಪ್ಪತ್ತೆರಡು, ಕತ್ತರಿ ಒಂಬತ್ತು. ಜೊತೆಗೆ ಈ ಸಲ ಕುರುಗೋಡಿನ ಮನೆಯ ಅಟ್ಟದಿಂದ ಇಳಿಸಿ ತಂದ ನಮ್ಮ ಯಜಮಾನರ ರೈಫಲ್. ಮಿಲಿಟರಿಯದು, ತ್ರೀ ನಾಟ್ ತ್ರೀ. ಮೈನಿಂಗ್ ಕಾಲದಲ್ಲಿ ಎಲ್ಲಿಂದಲೋ ತಂದಿದ್ದರು. ಅವರು ಹೋಗಿ ಒಂಬತ್ತು ವರ್ಷ. ಲೈಸೆನ್ಸ್ ಇಲ್ಲ, ಕೇಳಿದರೂ ಕೊಡುವುದಿಲ್ಲ. ಸ್ಟೇಷನ್ನಿಗೆ ಒಪ್ಪಿಸಬಹುದಿತ್ತು. ಒಪ್ಪಿಸಲಿಲ್ಲ. ಇಬ್ಬರೇ ಹೆಂಗಸರ ಮನೆ — ಅದೊಂದು ಗಂಡಸು ಅಂತ ಇಟ್ಟುಕೊಂಡೆ. ಯಾರಪ್ಪನ ಗಂಟೇನು ಹೋಯಿತು?

ಕಟಿಂಗ್ ಮಾಸ್ಟರ್ ಹೈದರಸಾಬ ಒರೆಸಿ ಎತ್ತಿ ಹಿಡಿದ.

“ಅಕ್ಕಾರ, ಇದು ಹೊಲಿತೈತೇನ್ರಿ, ಹರಿತೈತೇನ್ರಿ?”

“ಸುಮ್ನ ಹಿಡಿಯೋ, ವಿಭೂತಿ ಹಚ್ಚೋತನ.”

ಮಗಳು ಅಕ್ಷತಾ ಫೋಟೋ ತೆಗೆದಳು. ಸ್ಟೇಟಸ್‌ಗೆ ಹಾಕಿದಳಂತೆ.

3-10, ಶುಕ್ರವಾರ

ಸ್ಟೇಟಸ್ ಒಂದೇ ದಿನಕ್ಕೆ ಹೋಯಿತು. ಫೋಟೋ ಹೋಗಲಿಲ್ಲ. ಯಾರೋ ಕತ್ತರಿಸಿ ಗ್ರೂಪುಗಳಿಗೆ ಬಿಟ್ಟಿದ್ದಾರೆ. ಅದರಲ್ಲಿ ನಾನಿಲ್ಲ. ವಿಭೂತಿಯಿಲ್ಲ, ಚೆಂಡುಹೂ ಇಲ್ಲ. ಉಳಿದದ್ದು ಟೋಪಿ, ಗಡ್ಡ, ರೈಫಲ್.

ಬೆಳಿಗ್ಗೆ ಪೊಲೀಸರು ಯೂನಿಟ್ಟಿಗೇ ಬಂದು ರೈಫಲ್ ವಶಕ್ಕೆ ತೆಗೆದುಕೊಂಡರು. ಯೂನಿಟ್ಟಿನ ಕೀಲಿ ಇದ್ದದ್ದು ಹೈದರನ ಹತ್ತಿರ. ಅವನನ್ನೂ ಒಯ್ದರು. ಯಾರದು ಅಂತ ಕೇಳಿದರೆ ಬಾಯಿ ಬಿಡುತ್ತಿಲ್ಲವಂತೆ.

ಸಿರುಗುಪ್ಪದಿಂದ ತಮ್ಮ ಶಶಿಕಾಂತ್ ಓಡಿ ಬಂದ. ವಕೀಲ.

“ಅಕ್ಕ, ನಂಗೊತ್ತಿಲ್ಲ ಅಂದ್ಬಿಡು. ಪೂರಾ ಫೋಟೋ ಅಕ್ಷತಾನ ಫೋನಿನಾಗ ಮಾತ್ರ ಐತಿ. ಅಳಿಸಿಬಿಡ್ರಿ. ಮಿಲಿಟರಿ ಬಂದೂಕಿನ ಕೇಸು, ಏಳು ವರ್ಷಕ್ಕ ಕಡಿಮಿ ಇಲ್ಲ.”

“ಯಾರಿಗೆ?”

“ಒಪ್ಪಿಕೊಂಡೋರಿಗೆ.”

7-10, ಮಂಗಳವಾರ

ಮೂರು ದಿನ ಏನೂ ಬರೆಯಲಿಲ್ಲ. ಸ್ಟೇಷನ್ನಿಗೂ ಹೋಗಲಿಲ್ಲ.

ಇಪ್ಪತ್ತೆರಡು ಮಷಿನ್‌ಗಳಲ್ಲಿ ಆರು ಓಡುತ್ತಿವೆ. ಅಕ್ಷತಾಳನ್ನು ನೋಡಲು ಬರಬೇಕಿದ್ದವರು “ಮುಂದ ನೋಡೋಣ್ರಿ” ಅಂದರು. ನೋಡಲಿ, ಮುಂದೆ ನೋಡುವವರಿಗೆ ಹಿಂದೆಯಿಂದ ಕೈ ಮುಗಿದೆ. ಫೋನ್ ಮಾಡಿದವರು ನಲವತ್ತೊಂದು ಜನ. ಮನೆಗೆ ಬಂದವಳು ಒಬ್ಬಳೇ — ಹೈದರನ ಹೆಂಡತಿ ಕುಲ್ಸುಂಬೀ. ಬೈಯುತ್ತಾಳೆಂದು ಸೆರಗು ಬಿಗಿದು ಕೂತೆ.

“ಏನೂ ಕೇಳಾಕ ಬಂದಿಲ್ರಿ ಅಕ್ಕ. ಅವರ ಬಿಪಿ ಗುಳಿಗಿ ಒಳಗ ಯಾರ ಕೈಯಾಗ ಕಳಸ್ಲಿ?”

ನನ್ನ ಕೈಯಲ್ಲಿ ಕೊಡು ಅಂದೆ.

8-10, ಬೆಳಿಗ್ಗೆ 8

ಪೂರಾ ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ, ಎರಡು ಕಾಪಿ. ಒಂದು ಸ್ಟೇಷನ್ನಿಗೆ. ಇನ್ನೊಂದನ್ನು ಯೂನಿಟ್ಟಿನ ಬಾಗಿಲಿಗೆ ಅಂಟಿಸಿದೆ, ಬಜಾರ್ ನೋಡಲಿ. ಅಂದು ಉಟ್ಟ ಹಸಿರು ಸೀರೆಯನ್ನೇ ಉಟ್ಟಿದ್ದೇನೆ, ಗುರುತಿಗೆ ಅನುಕೂಲ. ಶಶಿಕಾಂತ್ ಬಾಗಿಲಿಗೆ ಅಡ್ಡ ನಿಂತ.

“ತಲಿ ಕೆಟ್ಟೈತೇನಕ್ಕ ನಿಂಗ?”

“ವಕೀಲಿಕಿ ಬಿಟ್ಟು ಕಟಿಂಗಿಗೆ ಬಾರೋ. ಫೋಟೋದಾಗಿಂದ ನನ್ನ ಚೊಕ್ಕ ತಗೀತಿ.”

ಗುಳಿಗೆ ಚೀಲದಲ್ಲಿವೆ. ಯೂನಿಟ್ಟಿನ ಇನ್ನೊಂದು ಕೀಲಿ ಅಕ್ಷತಾಳಿಗೆ ಕೊಟ್ಟಾಯಿತು. ಆಟೋ ಬಂದಿದೆ. ಅಲ್ಲಿ ನಾಲಿಗೆ ತಡವರಿಸಬಾರದು, ಹೇಳಿಕೆಯನ್ನು ಇಲ್ಲೇ ಒಮ್ಮೆ ಬರೆದು ನೋಡುತ್ತೇನೆ —

ನಾನು ವಿರೂಪಮ್ಮ, ಗಂಡ ದಿವಂಗತ ಜಂಬಣ್ಣ, ವಯಸ್ಸು ಐವತ್ತೆರಡು. ಆ ರೈಫಲ್ ನನ್ನದು. ಹಿಡಿ ಅಂದವಳೂ ನಾನೇ. ಹೈದರಸಾಬ ಬರೀ ನಾನು ಹೇಳಿದಂತೆ ಹಿಡಿದವನು.