ಅಡ್ಡಗೋಲು ಎತ್ತಿದ ಕೈ

ಮಾರ್ಚ್ 4, ಬೆಳಿಗ್ಗೆ 6

ಮೂರು ಲಾಯ ಗುಡಿಸಿದ್ದಾಯಿತು. ನಾಲ್ಕನೆಯದು ಚಂಡಿಯದು. ಹೋಗಲಿಲ್ಲ. ಅಪ್ಪನೇ ಹುಲ್ಲು ಹಾಕಿದರು.

ಅಡ್ಡಗೋಲಿನ ತಡೆ ಹಾರುವ ಸ್ಪರ್ಧೆಯಲ್ಲಿ ಮೂರು ವರ್ಷ ಚಾಂಪಿಯನ್ ಆದ ಹೆಣ್ಣು ಕುದುರೆ. ಅದರ ಹೆಸರಿನ ಮೇಲೆಯೇ ನಮ್ಮ ಮನೆಯ ವ್ಯಾಪಾರ — ಕುದುರೆ ಪಳಗಿಸುವುದು, ಮಾರುವುದು. ಲಗಾಮು ತೊಡಿಸಲೂ ಚಂಡಿ ಹಿಡಿಯುತ್ತಿತ್ತೆಂದು ಅಣ್ಣ ಇಟ್ಟ ಹೆಸರು. ಅಣ್ಣ ಅದರ ಮೇಲಿಂದ ಬಿದ್ದು ಸತ್ತು ಇವತ್ತಿಗೆ ಹದಿನೇಳು ದಿನ. ಅವನ ಬೂಟುಗಳು ಇನ್ನೂ ಬಾಗಿಲ ಹಿಂದೆ ಇವೆ. ಯಾರೂ ಮುಟ್ಟುವುದಿಲ್ಲ.

ಮಾರ್ಚ್ 5

ಊಟಕ್ಕೆ ಕೂತಾಗ ಅತ್ತಿಗೆ ಬಾಯಿಬಿಟ್ಟರು.

"ಮಾವ, ಅವರನ್ನ ಕೊಂದ ಕುದುರೆ ಇರೋ ಮನೇಲಿ ನಾನಿರಲ್ಲ. ಅದಕ್ಕೊಂದು ಗತಿ ಕಾಣಿಸಿ."

ಅಪ್ಪ ತಟ್ಟೆ ನೋಡಿಕೊಂಡೇ ಹೇಳಿದರು, "ಸೋಮವಾರ ಡಾಕ್ಟ್ರು ಬರ್ತಾರಮ್ಮ. ಒಂದು ಇಂಜೆಕ್ಷನ್ನು, ಅಷ್ಟೇ..."

ನಾನು ತಟ್ಟೆ ಎತ್ತಿಕೊಂಡು ಎದ್ದೆ.

ಮಾರ್ಚ್ 6, ಸಂಜೆ

ಮೈದಾನದ ಕಡೆ ಹೋದರೆ ಗೊರಸಿನ ಸದ್ದು. ಹಾರುವ ಮುಂಚಿನ ಮೂರು ಹೆಜ್ಜೆ, ಆಮೇಲೆ ಏನೂ ಇಲ್ಲ. ಕುದುರೆಗಳೆಲ್ಲ ಲಾಯದಲ್ಲೇ ಇದ್ದವು. ಎರಡು ಸಲ ಎಣಿಸಿದೆ.

ಚಂಡಿಯ ಬಾಗಿಲಲ್ಲಿ ನಿಂತೆ. ನನ್ನ ಮುಖ ನೋಡಲಿಲ್ಲ. ಕೈ ನೋಡಿತು. ನೋಡುತ್ತಲೇ ಹಿಂದೆ ಸರಿದು ಗೋಡೆಗೆ ಒತ್ತಿ ನಿಂತಿತು. ಮೊದಲೆಲ್ಲ ನನ್ನ ಜೇಬಿಗೆ ಮೂತಿ ತೂರಿಸುತ್ತಿದ್ದ ಪ್ರಾಣಿ. ನನಗೆ ಭಯವಾಗುತ್ತಿದೆ. ಕುದುರೆಯ ಭಯವಲ್ಲ.

ಮಾರ್ಚ್ 8, ಮಧ್ಯಾಹ್ನ

ಬರೆದುಬಿಡುತ್ತೇನೆ.

ತಾತನ ಕಾಲದ ಗುಟ್ಟು, ಹೊರಗಿನವರಿಗೆ ಗೊತ್ತಿಲ್ಲ. ಅಭ್ಯಾಸದ ಹೊತ್ತಿನಲ್ಲಿ ತಡೆಯ ಪಕ್ಕ ಒಬ್ಬರು ಬಗ್ಗಿ ಕೂರಬೇಕು. ಕುದುರೆ ಹಾರಿದಾಗ ಅಡ್ಡಗೋಲನ್ನು ಎರಡು ಬೆರಳಷ್ಟು ಎತ್ತಬೇಕು. ಕಾಲಿಗೆ ತಾಗುತ್ತದೆ, ನೋಯುತ್ತದೆ. ಮುಂದಿನ ಸಲ ಕುದುರೆ ಇನ್ನೂ ಎತ್ತರ ಹಾರುತ್ತದೆ. ನಮ್ಮ ಮನೆಯಲ್ಲಿ ಆ ಕೈ ನನ್ನದು. ಗೆದ್ದ ಕಪ್‌ಗಳೆಲ್ಲ ಅದರದೇ ಪುಣ್ಯ... ಪುಣ್ಯವಂತೆ!

ಅವತ್ತು ಅಣ್ಣ ಹೇಳಿದ್ದ, "ಇವತ್ತು ಬೇಡ ಕಣೇ. ಸುಸ್ತಾಗಿದೆ ಅದಕ್ಕೆ."

ಚಂಡಿ ಕಾಲೆಳೆದುಕೊಂಡು ಹಾರುತ್ತಿತ್ತು. ಮರುದಿನ ಸ್ಪರ್ಧೆ. ಅಣ್ಣನಿಗಿಂತ ನನಗೇ ಹೆಚ್ಚು ಗೊತ್ತು ಅಂದುಕೊಂಡೆ. ಎತ್ತಿದೆ. ಒಂದು ಕ್ಷಣ ಬೇಗ ಎತ್ತಿದೆ. ಮುಂಗಾಲು ಸಿಕ್ಕಿಕೊಂಡಿತು. ಕುದುರೆ ಅವನ ಮೇಲೆಯೇ ಬಿತ್ತು.

ಬೀಳುವ ಮೊದಲು ನನ್ನ ಕಡೆ ನೋಡಿದ. ಕಣ್ಣು ಮುಚ್ಚಿದರೆ ಅದೇ ನೋಟ.

ಕುದುರೆ ಎಡವಿತು ಅಂದೆ. ಎಲ್ಲರೂ ನಂಬಿದರು.

ಮಾರ್ಚ್ 9, ಸೋಮವಾರ, 9.30

ಅಪ್ಪನಿಗೆ ಹೇಳಿದೆ. ಅಪ್ಪ ಲಗಾಮು ಒರೆಸುತ್ತಲೇ ಇದ್ದರು.

"ಗೊತ್ತಮ್ಮ."

"ಗೊತ್ತಾ?"

"ನಾನು ಓಡಿ ಬಂದಾಗ ಕೋಲು ಇನ್ನೂ ನಿನ್ನ ಕೈಯಲ್ಲೇ ಇತ್ತಲ್ಲ. ಕುದುರೆ ಹೋದ್ರೆ ಹೋಗ್ಲಿ. ನಂಗೆ ಉಳಿದಿರೋದು ನೀನೊಬ್ಬಳು. ನಿಮ್ಮತ್ತಿಗೆ ಹತ್ರ ಉಸಿರೆತ್ತಬೇಡ."

ಸಿಟ್ಟು ಬರಬೇಕಿತ್ತು. ಬಂದದ್ದು ಸಮಾಧಾನ. ಥೂ, ನನ್ನ ಜನ್ಮಕ್ಕೆ.

10.05

ಕಾರು ಬಂತು. ಡಾಕ್ಟರು ಪೆಟ್ಟಿಗೆ ಹಿಡಿದು ಇಳಿದರು. ಅಪ್ಪ ಚಂಡಿಯನ್ನು ಅಂಗಳಕ್ಕೆ ತಂದಿದ್ದಾರೆ. ಕತ್ತು ಸವರುತ್ತಿದ್ದಾರೆ. ಅತ್ತಿಗೆ ಮೆಟ್ಟಿಲ ಮೇಲೆ ನಿಂತಿದ್ದಾರೆ, ಅಲುಗಾಡದೆ. ಹೇಳಿದರೆ ಈ ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ. ಹೇಳದಿದ್ದರೆ...

ಮಹಡಿಯ ಕಿಟಕಿ ತೆರೆದು ಕೂಗಿಬಿಟ್ಟೆ. "ಡಾಕ್ಟ್ರೇ, ನಿಲ್ಲಿ! ಅತ್ತಿಗೆ, ಒಂದ್ನಿಮಿಷ ಮೇಲೆ ಬನ್ನಿ!"

ಅಪ್ಪ ಬೇಡ ಬೇಡವೆಂದು ಕೈಯಾಡಿಸಿದರು. ಅತ್ತಿಗೆ ಬರುತ್ತಿದ್ದಾರೆ. ನನ್ನ ಬಾಯಿಂದ ಹೊರಡುವುದಿಲ್ಲ, ಗೊತ್ತು. ಬಾಗಿಲು ತಟ್ಟುತ್ತಿದ್ದಾರೆ. ಈ ಪುಸ್ತಕವನ್ನೇ ಅವರ ಕೈಗೆ —