ಶಿವನಂಜಮ್ಮನ ಗದ್ದೆಗೆ ಸರ್ಕಾರದ ಮುಯ್ಯಾಳು

ಶ್ರಮದಾನ ಅಭಿಯಾನದ ಮಾನ್ಯ ಉಸ್ತುವಾರಿ ಅಧಿಕಾರಿಗಳೇ,

ತಾವು ನಮ್ಮೂರಿನ ಶಿವನಂಜಮ್ಮನಿಗೆ ಮುಯ್ಯಾಳಾಗಿ ಬರಬೇಕಾಗಿತ್ತು, ಬಂದಿಲ್ಲ. ಅವಳ ಒಟ್ಟಲಿನಲ್ಲಿ, ಅಂದರೆ ಸಸಿಮಡಿಯಲ್ಲಿ, ಭತ್ತದ ಪೈರು ನಾಟಿಯ ಹದ ಮೀರಿ ಬಲಿಯುತ್ತಿದೆ. ನಾಲೆಯ ನೀರಿನ ಸರದಿ ಈ ಭಾನುವಾರಕ್ಕೆ ಮುಗಿಯುತ್ತದೆ. ಅಷ್ಟರಲ್ಲಿ ನಾಟಿ ಆಗದಿದ್ದರೆ ಅವಳ ಗದ್ದೆ ಈ ಬೆಳೆಗೆ ಬೀಳೇ. ಕಚೇರಿಗೇ ಬಂದು ತಿಳಿಸೋಣವೆಂದರೆ ತಾವು ಸದಾ ಎಲ್ಲಾದರೊಂದು ಕಡೆ ದೇಶಸೇವೆಯ ಕುರಿತು ಭಾಷಣ ಮಾಡುತ್ತಿರುತ್ತೀರಿ. ಹೀಗಾಗಿ ಪತ್ರಿಕೆಯ ಮೂಲಕ ತಮ್ಮ ಅಮೂಲ್ಯ ಸಮಯವನ್ನು ಹಾಳು ಮಾಡುತ್ತಿದ್ದೇನೆ.

ಮುಯ್ಯಾಳು ಎಂಬುದು ತಮ್ಮ ಸುತ್ತೋಲೆಗಳಲ್ಲಿ ಬರುವ ಪದವಲ್ಲ, ಆದ್ದರಿಂದ ವಿವರಿಸುತ್ತೇನೆ. ಇವತ್ತು ನಾನು ನಿಮ್ಮ ಗದ್ದೆಯಲ್ಲಿ ನಾಟಿ ಹಾಕಿದರೆ ನಾಳೆ ನೀವು ನನ್ನ ಗದ್ದೆಗೆ ಬಂದು ಹಾಕಬೇಕು. ಕೂಲಿ ಇಲ್ಲ, ಸಹಿ ಇಲ್ಲ, ಸಾಕ್ಷಿ ಇಲ್ಲ. ಕರೆದವರು ಹೊಟ್ಟೆಗೆ ಹಾಕಬೇಕು, ಅಷ್ಟೇ ಕರಾರು. ಹೀಗೆ ಕೆಲಸ ಮಾಡಿಸಿಕೊಂಡು ಮುಯ್ಯಿ ತೀರಿಸದವರನ್ನು ನಮ್ಮೂರು ಮದುವೆಗೆ ಕರೆದೀತು, ಗದ್ದೆಗೆ ಕರೆಯುವುದಿಲ್ಲ.

ಈಗ ತಾವು ಮಾಡಿದ್ದನ್ನು ನೆನಪಿಸಿಕೊಳ್ಳಿ. ಶ್ರಮದಾನದ ಹಿಂದಿನ ದಿನವೇ ಆಟೋಗೆ ಮೈಕು ಕಟ್ಟಿಸಿ ಮನೆ ಮನೆಯವರನ್ನು ಕೆಲಸಕ್ಕೆ ಕರೆದಿರಿ. ಬೆಳಿಗ್ಗೆ ಬಂದವರಿಗೆ ಉಪ್ಪಿಟ್ಟು, ಕೇಸರಿಭಾತು ಕೊಟ್ಟಿರಿ. ತಲೆಗೆ ಟವೆಲು ಸುತ್ತಿ ತಾವೂ ಕಾಲುವೆಗಿಳಿದಿರಿ. ಎಷ್ಟು ಹೊತ್ತು ಎಂಬುದನ್ನು ಫೋಟೊ ತೆಗೆದವರೇ ಹೇಳಬೇಕು. ಕರೆದದ್ದೂ ಆಯಿತು, ಉಣ್ಣಿಸಿದ್ದೂ ಆಯಿತು, ಜೊತೆಯಲ್ಲಿ ನಿಂತದ್ದೂ ಆಯಿತು. ಶಿವನಂಜಮ್ಮ ಇದನ್ನು ಮುಯ್ಯಾಳು ಎಂದುಕೊಳ್ಳದೆ ಇನ್ನೇನೆಂದುಕೊಳ್ಳಬೇಕಿತ್ತು ಸ್ವಾಮಿ?

ಅವಳು ಮಳವಳ್ಳಿ ಕಡೆಯಿಂದ ನಮ್ಮೂರಿಗೆ ಸೊಸೆಯಾಗಿ ಬಂದವಳು. ಗಂಡ ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಾನೆ, ಗದ್ದೆ ಪೂರ್ತಿ ಅವಳದೇ. ತಾವು ಕರೆದಾಗಲೆಲ್ಲ ಹೋದಳು. ಕಾಲುವೆಯ ಹೂಳು ಎತ್ತಿದಳು, ಶಾಲೆಯ ಕಾಂಪೌಂಡಿನ ಕಳೆ ಕಿತ್ತಳು, ಬಸ್ ನಿಲ್ದಾಣ ತೊಳೆದಳು, ಹೋದ ವರ್ಷ ಸಸಿ ನೆಟ್ಟಿದ್ದ ಗುಂಡಿಗಳಲ್ಲೇ ಈ ವರ್ಷವೂ ಸಸಿ ನೆಟ್ಟಳು. ಅದೇ ದಿನಗಳಲ್ಲಿ ಊರಿನ ಹೆಂಗಸರು ಒಬ್ಬರ ಗದ್ದೆಗೊಬ್ಬರು ಮುಯ್ಯಿ ಹೋಗುತ್ತಿದ್ದರು. ಪಕ್ಕದ ಗದ್ದೆಯ ಚಿಕ್ಕಬೋರಮ್ಮ ಎಚ್ಚರಿಸಿದ್ದಳು.

“ಲೇ ನಂಜಿ, ನಮ್ ಜೊತೆ ಬಾರೇ. ನಾಳೆ ನಿನ್ ಗದ್ದೆಗೆ ಗೌರ್ಮೆಂಟು ಬಂದು ನಾಟಿ ಆಕ್ತದಾ?”

“ಆಕ್ತದೆ ಬುಡಕ್ಕ. ಉಪ್ಪಿಟ್ಟಿಕ್ಕಿ ಕೆಲ್ಸ ಮಾಡುಸ್ಕೊಂಡೋರು ಬರ್ದೆ ಇದ್ದಾರಾ? ಆ ಸಾಯೇಬ್ರು ಒಳ್ಳೇರು ಕಣಕ್ಕ.”

ಗಮನಿಸಿ, ಒಳ್ಳೆಯವರು ಎಂದಳು. ತಮ್ಮ ಬಗ್ಗೆ ನಮ್ಮೂರಿನಲ್ಲಿ ಬಂದಿರುವ ಏಕೈಕ ಲಿಖಿತ ಅಭಿಪ್ರಾಯ ಇದು, ಅದೂ ನಾನೀಗ ಬರೆದದ್ದರಿಂದ.

ನಾಟಿಯ ದಿನ ಗೊತ್ತು ಮಾಡಿ, ಊರಿಗೆ ಬಂದ ತಮ್ಮ ಸಿಬ್ಬಂದಿಯೊಬ್ಬರಿಗೆ ಅವಳೇ ಹೇಳಿ ಕಳಿಸಿದ್ದಳು. ಆ ಮಹನೀಯರು ನಕ್ಕು ತಲೆಯಾಡಿಸಿದರಂತೆ. ಅವತ್ತು ಬೆಳಿಗ್ಗೆ ನಾನು ಹೋದಾಗ ಅವಳು ಸೆರಗಿನ ಮೇಲೆ ತಮ್ಮ ಅಭಿಯಾನದ ಟೋಪಿ ಹಾಕಿಕೊಂಡು ಬದುವಿನ ಮೇಲೆ ನಿಂತಿದ್ದಳು. ಜೀಪಿನವರಿಗೆ ಗುರುತು ಸಿಗಲೆಂದು! ಮರದಡಿಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು.

“ಆಫೀಸ್ನೋರ್ಗೆ ಮುದ್ದೆ ನುಂಗಕ್ಕಾಯ್ತದೋ ಇಲ್ವೋ ಅಂತ ಒಂಚೂರು ಅನ್ನನೂ ಮಾಡಿವ್ನಿ ಕಣಮ್ಮ,” ಎಂದಳು.

ನನಗೆ ಮೊದಲು ನಗು ಬಂತು. ಮಧ್ಯಾಹ್ನವಾಗಿ ಸಾರಿನ ಮೇಲೆ ಕೆನೆ ಕಟ್ಟಿದಾಗ ಹೊಟ್ಟೆ ಉರಿಯಿತು. ತಮ್ಮ ಕಚೇರಿಗೆ ಫೋನು ಮಾಡಿದೆ. ಎತ್ತಿದವರು ಬಹಳ ಸಂಸ್ಕಾರವಂತರು. “ನೋಡಿಯಮ್ಮ, ಅದು ನಿಸ್ವಾರ್ಥ ಸೇವೆ. ಅದಕ್ಕೆ ಪ್ರತಿಫಲ ಬಯಸಬಾರದು,” ಎಂದು ಬುದ್ಧಿ ಹೇಳಿದರು. ಉಪ್ಪಿಟ್ಟು ತಿಂದವರು ನಿಸ್ವಾರ್ಥರಾಗಿರಬೇಕು, ಸಂಬಳ ತಿನ್ನುವವರಿಗೆ ಆ ಕಷ್ಟ ಇಲ್ಲ ಎಂದು ಅರ್ಥವಾಯಿತು.

ನಾನು ತಮ್ಮ ಅಭಿಯಾನವನ್ನು ಹಳಿಯುತ್ತಿಲ್ಲ. ಹೂಳು ತೆಗೆದ ಮೇಲೆ ಕೊನೆಯ ಗದ್ದೆಗೂ ನೀರು ಹರಿದದ್ದು ನಿಜ. ನಾಡಿಗಾಗಿ ಮೈ ಬಗ್ಗಿಸಬೇಕೆಂದು ತಾವು ಹೇಳಿದ್ದೂ ನಿಜ. ಆದರೆ ದೇಶ ಎಂಬುದು ರಸ್ತೆ ಬದಿಗೆ, ಬಸ್ ನಿಲ್ದಾಣಕ್ಕೆ ಮುಗಿದುಹೋಗುತ್ತದೆಯೇ? ಶಿವನಂಜಮ್ಮನ ಗದ್ದೆ ಯಾವ ದೇಶದಲ್ಲಿದೆ? ಅಲ್ಲಿ ಬೆಳೆದ ಅಕ್ಕಿ ಮಂಡ್ಯದ ಹಾಸ್ಟೆಲುಗಳಲ್ಲಿ ಅನ್ನವಾಗುವಾಗ ಅದು ದೇಶಸೇವೆಯಲ್ಲವೇ? ಸೇವೆ ಯಾವಾಗಲೂ ಕೆಳಗಿನಿಂದ ಮೇಲಕ್ಕೇ ಹರಿಯಬೇಕೆಂಬ ನಿಯಮವಿದ್ದರೆ ತಿಳಿಸಿ. ನಮ್ಮ ನಾಲೆಯ ನೀರು ಇನ್ನೂ ಅದನ್ನು ಕಲಿತಿಲ್ಲ.

ಊರಿನವರೇ ಯಾಕೆ ನಾಟಿ ಹಾಕಿಕೊಡಬಾರದು ಎಂದು ತಾವು ಕೇಳಬಹುದು. ನಾವೂ ಅವಳನ್ನು ಅದನ್ನೇ ಕೇಳಿದೆವು ಸ್ವಾಮಿ. ಚಿಕ್ಕಬೋರಮ್ಮ ಅವತ್ತೇ ಸೀರೆ ಎತ್ತಿ ಕಟ್ಟಿದಳು. ಶಿವನಂಜಮ್ಮ ಒಪ್ಪಲಿಲ್ಲ.

“ಬ್ಯಾಡ ಕಣಕ್ಕ. ನೀವು ಆಕ್ಬುಟ್ರೆ ಗೌರ್ಮೆಂಟ್ನೋರು ಮುಯ್ಯಿ ತಪ್ಸುದ್ರು ಅಂತಾಯ್ತದೆ. ಇನ್ನೆಲ್ಡು ದಿನ ನೋಡಾನ. ಅವ್ರಿಗೂ ಏನ್ ತಾಪತ್ರಯ ಇತ್ತೋ.”

ಮಾನ್ಯರೇ, ಅವಳು ಕಾಯುತ್ತಿರುವುದು ಪೈರನ್ನಲ್ಲ, ತಮ್ಮ ಮಾನವನ್ನು. ತಮ್ಮ ಇಡೀ ಇಲಾಖೆಯಲ್ಲಿ ಆ ಕೆಲಸಕ್ಕೆಂದು ಯಾರನ್ನೂ ನೇಮಿಸಿದಂತೆ ಕಾಣುವುದಿಲ್ಲ. ನನಗೆ ಅದನ್ನು ನೋಡಿ ಸಂಕಟವಾಗುತ್ತದೆ.

ನನ್ನ ಬೇಡಿಕೆ ಇಷ್ಟೇ. ಭಾನುವಾರದೊಳಗೆ ಒಂದು ಬೆಳಿಗ್ಗೆ ಸಿಬ್ಬಂದಿಯೊಡನೆ ಬನ್ನಿ. ನಾಟಿ ಹೆಂಗಸರ ಕೆಲಸವೆಂದು ನಾಚಬೇಡಿ, ಕೆಸರು ಹುದ್ದೆ ನೋಡುವುದಿಲ್ಲ. ಸಾಲು ಸೊಟ್ಟಗಾದರೆ ಚಿಕ್ಕಬೋರಮ್ಮ ಪಕ್ಕದಲ್ಲಿ ನಿಂತು ಬಯ್ಯುತ್ತಾಳೆ, ಅದಕ್ಕೆ ಮೇಲ್ಮನವಿ ಇಲ್ಲ.

ತಾವು ಬರದಿದ್ದರೆ ಶನಿವಾರ ನಾವು ನಾಲ್ಕು ಹೆಂಗಸರು ಗದ್ದೆಗೆ ಇಳಿಯುವವರೇ. ಸಾಹೇಬರ ಜೀಪು ಮದ್ದೂರಿನಲ್ಲಿ ಕೆಟ್ಟು ನಿಂತಿತು, ಅವರೇ ನಮ್ಮನ್ನು ಕಳಿಸಿದರು ಎಂದು ಅವಳಿಗೆ ಹೇಳುತ್ತೇವೆ. ಅವಳು ನಂಬುವುದಿಲ್ಲ. ಆದರೂ ನಮಗೆ ಮುದ್ದೆ ಇಕ್ಕಿ, ದಾರಿಯಲ್ಲಿ ಹೋಗುವವರಿಗೆಲ್ಲ, “ಗೌರ್ಮೆಂಟ್ನೋರೇ ಆಳು ಕಳ್ಸವ್ರೆ,” ಎಂದು ಗಟ್ಟಿಯಾಗಿ ಹೇಳುತ್ತಾಳೆ. ಆ ಸುಳ್ಳನ್ನು ಅವಳಿಂದ ಹೇಳಿಸಬೇಡಿ.

ಇಂತಿ,
ಹೊಲಿಗೆ ಯಂತ್ರದ ಮುಂದೆ ಕೂತು ಸವೆದ ಸೊಂಟ ಶನಿವಾರ ಬಗ್ಗುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿರುವ,
ಟೈಲರ್ ಜಯಲಕ್ಷ್ಮಮ್ಮ
ಆತಗೂರು ಹೋಬಳಿ